ಕೆಲಸದ ನಡುವಿನ ಗ್ಯಾಪ್: ಇಂಟರ್‌ವ್ಯೂನಲ್ಲಿ ಹೇಳುವುದು ಹೇಗೆ?

"2022ರಿಂದ 2024ರವರೆಗೆ ಏನ್ ಮಾಡ್ತಿದ್ರಿ?" ಈ ಒಂದು ಪ್ರಶ್ನೆಗೆ ಹೆದರಿ ಅರ್ಜಿಯನ್ನೇ ಹಾಕದೆ ಕೂತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಗು ಆದ ಮೇಲೆ ಕೆಲಸ ಬಿಟ್ಟವರು, ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್‌ಗೆ ಓದಿದವರು, ಲೇಆಫ್ ಆದವರು, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಊರಿಗೆ ಹೋದವರು. ಇವರಲ್ಲಿ ಯಾರೂ ತಪ್ಪು ಮಾಡಿಲ್ಲ. ಆದರೂ ಇಂಟರ್‌ವ್ಯೂ ಕೋಣೆಯೊಳಗೆ ಕಾಲಿಟ್ಟ ಕೂಡಲೇ ತಪ್ಪೊಪ್ಪಿಗೆಯ ದನಿಯಲ್ಲಿ ಮಾತಾಡತೊಡಗುತ್ತಾರೆ. ಕೆಲಸಕ್ಕೆ ಜನರನ್ನು ಆರಿಸುವ ಪ್ಯಾನೆಲ್‌ಗಳಲ್ಲಿ ಕೂರುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕೆಲಸ ಚೆನ್ನಾಗಿ ಬಲ್ಲವರೇ ಈ ಉತ್ತರದಲ್ಲಿ ಎಡವಿ, ಅಲ್ಲಿಂದ ಮುಂದಿನ ಪ್ರಶ್ನೆಗಳಿಗೂ ಧೈರ್ಯ ಕಳೆದುಕೊಳ್ಳುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟು: ಗ್ಯಾಪ್ ಬಗ್ಗೆ ನಿಜವನ್ನು ಒಂದು ನಿಮಿಷದೊಳಗೆ ಹೇಳಿ ಮುಗಿಸಿ, ಉಳಿದ ಸಮಯವನ್ನು ಕೆಲಸದ ಮಾತಿಗೆ ಉಳಿಸಿಕೊಳ್ಳಬೇಕು. ಕೇಳಲು ಸುಲಭ. ಆ ಒಂದು ನಿಮಿಷಕ್ಕೆ ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ ಮಾತ್ರ ಸಾಕಷ್ಟಿದೆ.

ಮೊದಲು, ಅವರು ಯಾಕೆ ಕೇಳುತ್ತಾರೆ ಎಂದು ತಿಳಿದುಕೊಳ್ಳಿ

ಗ್ಯಾಪ್ ಕಂಡಾಗ ಪ್ಯಾನೆಲ್‌ನವರ ತಲೆಯಲ್ಲಿ ಮೂರು ಅನುಮಾನ ಏಳುತ್ತವೆ. ಈಗಲೂ ಇವರಿಗೆ ಕೆಲಸ ಕೈ ಹತ್ತುತ್ತದೆಯೇ? ಸೇರಿಸಿಕೊಂಡ ಮೇಲೆ ಮತ್ತೆ ಬಿಟ್ಟು ಹೋಗುತ್ತಾರೆಯೇ? ಏನಾದರೂ ಮುಚ್ಚಿಡುತ್ತಿದ್ದಾರೆಯೇ?

ಎಲ್ಲರಿಗೂ ಮೂರೂ ಅನುಮಾನ ಒಂದೇ ತೂಕದಲ್ಲಿ ಬರುವುದಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ನಾಲ್ಕು ವರ್ಷ ಆದವರ ಮೇಲೆ ಮೊದಲನೆಯದು ಹೆಚ್ಚು. ಸರ್ಕಾರಿ ಪರೀಕ್ಷೆಗೆ ಓದಿದವರ ಮೇಲೆ ಎರಡನೆಯದು. ಹಳೇ ಕಂಪನಿಯಿಂದ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂಬ ಪತ್ರ) ತರದವರ ಮೇಲೆ ಮೂರನೆಯದು. ನಿಮ್ಮ ಮೇಲೆ ಯಾವ ಅನುಮಾನ ಜಾಸ್ತಿ ಬರಬಹುದು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಉತ್ತರ ಅದನ್ನು ಕಳೆಯಬೇಕು. ಗ್ಯಾಪ್‌ನ ಪೂರ್ತಿ ಕಥೆ ಅವರಿಗೆ ಬೇಕಿಲ್ಲ.

ಕಾಗದ ಸರಿ ಮಾಡಿಕೊಳ್ಳಿ

ಹೆಚ್ಚಿನವರು ಉತ್ತರದ ತಯಾರಿಗೆ ಕೂರುತ್ತಾರೆ, ಕಾಗದ ಮರೆಯುತ್ತಾರೆ. ನಾನಾದರೆ ಕಾಗದದಿಂದಲೇ ಶುರು ಮಾಡಿ ಎನ್ನುತ್ತೇನೆ. ಆಫರ್ ಕೊಟ್ಟ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ನೀವು ಹೇಳಿದ್ದು ನಿಜವೇ ಎಂಬ ಪರಿಶೀಲನೆ) ಮಾಡುವಾಗ ಕಂಪನಿಗಳು ಮೊದಲು ನೋಡುವುದೇ ನಿಮ್ಮ ಪಿಎಫ್ ದಾಖಲೆಯನ್ನು. ನಿಮ್ಮ ಪಿಎಫ್ ಖಾತೆಗಳಿಗೆಲ್ಲ ಸೇರಿ ಇರುವ 12 ಅಂಕಿಯ ಯುಎಎನ್ ಸಂಖ್ಯೆ ಒಂದಿದ್ದರೆ ಸಾಕು, ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದೆಲ್ಲ ಸರ್ವಿಸ್ ಹಿಸ್ಟರಿಯಲ್ಲಿ ಸಾಲಾಗಿ ಕಾಣುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಸದಸ್ಯರ ಪೋರ್ಟಲ್‌ಗೆ ಹೋಗಿ ನಿಮ್ಮ ಸರ್ವಿಸ್ ಹಿಸ್ಟರಿ ತೆರೆದು ನೋಡಿ. ಪ್ರತಿ ಕಂಪನಿಯ ಮುಂದೆ ಸೇರಿದ ದಿನಾಂಕವೂ ಬಿಟ್ಟ ದಿನಾಂಕವೂ ಇರಬೇಕು. ಎಷ್ಟೋ ಜನರಿಗೆ ಬಿಟ್ಟ ದಿನಾಂಕದ ಜಾಗ ಖಾಲಿ ಇರುತ್ತದೆ. ಹಳೇ ಕಂಪನಿ ಅದನ್ನು ನಮೂದಿಸಿಯೇ ಇರುವುದಿಲ್ಲ. ಆಗ ದಾಖಲೆಯ ಪ್ರಕಾರ ನೀವಿನ್ನೂ ಅಲ್ಲೇ ಕೆಲಸದಲ್ಲಿದ್ದೀರಿ! ನೀವು ಗ್ಯಾಪ್ ಇದೆ ಎಂದು ನಿಜ ಹೇಳಿದರೂ ದಾಖಲೆ ಬೇರೆಯದನ್ನೇ ಹೇಳುತ್ತದೆ.

ಇದನ್ನು ನೀವೇ ಸರಿಪಡಿಸಬಹುದು. ಪೋರ್ಟಲ್‌ನ 'ಮ್ಯಾನೇಜ್' ಮೆನುವಿನಲ್ಲಿ 'ಮಾರ್ಕ್ ಎಕ್ಸಿಟ್' ಎಂಬ ಆಯ್ಕೆ ಇದೆ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಕೊನೆಯ ಕಂತು ಬಿದ್ದ ತಿಂಗಳಿನೊಳಗಿನ ದಿನಾಂಕವನ್ನೇ ಹಾಕಬೇಕು. ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ಹಾಕಿ, ಏಕೆಂದರೆ ಒಮ್ಮೆ ದಾಖಲಾದ ದಿನಾಂಕವನ್ನು ಬದಲಿಸುವುದು ಸುಲಭವಲ್ಲ.

ಇದರ ಜೊತೆಗೆ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ) ಇವೆಲ್ಲ ಒಂದು ಫೋಲ್ಡರ್‌ನಲ್ಲಿರಲಿ. ಕೋರ್ಸ್ ಮಾಡಿದ್ದರೆ ಅದರ ಸರ್ಟಿಫಿಕೇಟ್, ಪರೀಕ್ಷೆ ಬರೆದಿದ್ದರೆ ಹಾಲ್ ಟಿಕೆಟ್ ಕೂಡ ಇಟ್ಟುಕೊಳ್ಳಿ. ಹಾಲ್ ಟಿಕೆಟನ್ನು ಯಾರೂ ಕೇಳದೆ ಇರಬಹುದು. ಕೇಳಿದ ದಿನ ಅದಕ್ಕೆ ಬಹಳ ಬೆಲೆ.

ಇಲ್ಲೇ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಹಾಕಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿವೆ. ಅವರ ಬಾಗಿಲಿಗೆ ಹೋಗಬೇಡಿ. ಸುಳ್ಳು ಅನುಭವ ಕೆಲಸಕ್ಕೆ ಸೇರಿ ವರ್ಷವಾದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ಆಗ ನಿಮ್ಮ ಮುಂದೆ ಇರುವುದು ವಿವರಿಸಲು ಬಾರದ ಇನ್ನೊಂದು ಗ್ಯಾಪ್. ನಿಜವಾದ ಗ್ಯಾಪ್ ಇಟ್ಟುಕೊಂಡು ಬಂದವರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ನಾನು ವಾದ ಮಾಡಬಲ್ಲೆ. ಸುಳ್ಳು ಪತ್ರ ತಂದವರ ಪರವಾಗಿ ಯಾರೂ ವಾದ ಮಾಡಲಾರರು.

ರೆಸ್ಯೂಮೆಯಲ್ಲಿ ಗ್ಯಾಪನ್ನು ಬರೆಯಿರಿ

ತಿಂಗಳು ಬಿಟ್ಟು ಬರೀ ವರ್ಷ ಹಾಕಿ ಗ್ಯಾಪ್ ಮುಚ್ಚುವ ಉಪಾಯವನ್ನು ಬಹಳ ಜನ ಹೇಳಿಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೆಟ್ಟ ಸಲಹೆ. ಬರೀ ವರ್ಷ ಕಂಡರೆ ನಮಗೆ ಅಲ್ಲೇ ಕೆದಕಬೇಕು ಅನಿಸುತ್ತದೆ. ತಿಂಗಳು, ವರ್ಷ ಎರಡನ್ನೂ ಹಾಕಿ, ಗ್ಯಾಪ್ ಇರುವಲ್ಲಿ ಕೆಲಸದ ಸಾಲಿನಂತೆಯೇ ಒಂದು ಸಾಲು ಬರೆಯಿರಿ: "ಜೂನ್ 2022ರಿಂದ ಮಾರ್ಚ್ 2024: ಮಗುವಿನ ಆರೈಕೆಗಾಗಿ ವಿರಾಮ, ಈ ಅವಧಿಯಲ್ಲಿ ಜಿಎಸ್‌ಟಿ ಕೋರ್ಸ್ ಪೂರ್ಣ." ಅಷ್ಟೇ ಸಾಕು. ಲಿಂಕ್ಡ್‌ಇನ್‌ನಲ್ಲೂ 2022ರಿಂದ ಕೆರಿಯರ್ ಬ್ರೇಕ್ ಎಂದೇ ಸೇರಿಸುವ ಸೌಲಭ್ಯ ಇದೆ. ಎರಡು ಕಡೆಯೂ ಒಂದೇ ದಿನಾಂಕ ಇರಲಿ.

ಆರು ತಿಂಗಳಿಗಿಂತ ಕಡಿಮೆ ಇರುವ ಗ್ಯಾಪ್‌ಗೆ ಇಷ್ಟೆಲ್ಲ ಬೇಡ. ತಿಂಗಳುಗಳನ್ನು ಸರಿಯಾಗಿ ಹಾಕಿ ಬಿಟ್ಟುಬಿಡಿ.

ಉತ್ತರ ಕಟ್ಟುವ ಬಗೆ

ಉತ್ತರಕ್ಕೆ ಮೂರು ಭಾಗ ಸಾಕು. ಏನಾಯಿತು ಎಂಬುದು ಒಂದು ವಾಕ್ಯದಲ್ಲಿ. ಆ ಸಮಯದಲ್ಲಿ ಕೆಲಸಕ್ಕೆ ಸಂಬಂಧಪಟ್ಟಂತೆ ಏನು ಮಾಡಿದಿರಿ ಎಂಬುದು ಒಂದೆರಡು ವಾಕ್ಯದಲ್ಲಿ. ಈಗ ಪರಿಸ್ಥಿತಿ ಹೇಗಿದೆ, ಈ ಕೆಲಸ ಯಾಕೆ ಬೇಕು ಎಂಬುದು ಕೊನೆಗೆ. ಅಲ್ಲಿಗೆ ನಿಲ್ಲಿಸಿ.

ನಿಲ್ಲಿಸುವುದೇ ಕಷ್ಟ. ಎದುರಿನವರು ಒಂದು ಕ್ಷಣ ಸುಮ್ಮನಿದ್ದರೆ ನಮ್ಮವರು ಗಾಬರಿಯಾಗಿ ಮತ್ತೆ ಮಾತು ಶುರು ಮಾಡುತ್ತಾರೆ. ಅತ್ತೆಯ ಆಪರೇಷನ್, ಮೈದುನನ ಮದುವೆ, ಮನೆ ಬದಲಾಯಿಸಿದ್ದು ಎಲ್ಲವೂ ಒಂದರ ಹಿಂದೊಂದು ಹೊರಬರುತ್ತವೆ. ಅವರು ಸುಮ್ಮನಿರುವುದು ಬಹಳ ಸಲ ಬರೆದುಕೊಳ್ಳುತ್ತಿರುವುದರಿಂದ. ಬರೆದುಕೊಳ್ಳಲಿ ಬಿಡಿ.

ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ. "ಡ್ಯೂ ಟು ಸಮ್ ಪರ್ಸನಲ್ ರೀಸನ್ಸ್ ಸರ್" ಎಂದು ಹೇಳಿ ತಲೆ ತಗ್ಗಿಸುವುದು. ಈ ವಾಕ್ಯದಿಂದ ಮೂರು ಅನುಮಾನಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಮೂರನೆಯದು ಬೆಳೆಯುತ್ತದೆ. ಕಾರಣದ ಹೆಸರನ್ನಾದರೂ ಹೇಳಿ: ಮನೆಯವರ ಆರೋಗ್ಯ, ಮಗು, ಪರೀಕ್ಷೆ, ಲೇಆಫ್. ಹೆಸರು ಹೇಳಿದರೆ ವಿವರ ಕೊಡಲೇಬೇಕೆಂದೇನೂ ಇಲ್ಲ.

ಸರ್ಕಾರಿ ಪರೀಕ್ಷೆಗೆ ಓದಿದವರು

ಕರ್ನಾಟಕದಲ್ಲಿ ಈ ಗ್ಯಾಪ್ ಎಷ್ಟು ಸಾಮಾನ್ಯ ಎಂದರೆ ಇದಕ್ಕೇ ಹೆಚ್ಚು ಜಾಗ ಕೊಡಬೇಕು. ಇದರಲ್ಲಿ ಅಭ್ಯರ್ಥಿಯ ಕೈಮೀರಿದ ಭಾಗವೂ ದೊಡ್ಡದಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರೂ ಅಷ್ಟು ಕಾಲ ಕಾದರು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ, ಅಂದರೆ ಕೆಎಎಸ್‌ನ, ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಅದೇ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನಡೆಯಿತು. ನಿಮ್ಮ ಗ್ಯಾಪ್‌ನಲ್ಲಿ ಇಂಥ ಕಾಯುವಿಕೆ ಇದ್ದರೆ ಒಂದು ವಾಕ್ಯದಲ್ಲಿ ಹೇಳಿ. ದೂರುವ ದನಿ ಬೇಡ, ಪರೀಕ್ಷೆ ರದ್ದಾಯಿತು ಎಂಬ ಸಂಗತಿ ಸಾಕು.

ಇಲ್ಲಿ ಎದುರಿನವರಿಗಿರುವ ಭಯ ಒಂದೇ: ನಾಳೆ ಇನ್ನೊಂದು ನೋಟಿಫಿಕೇಶನ್ ಬಂದರೆ ಇವರು ಓಡುತ್ತಾರೆ. ಇದಕ್ಕೆ ಉತ್ತರ ಕೊಡುವ ಮೊದಲು ನೀವೇ ತೀರ್ಮಾನ ಮಾಡಿರಬೇಕು. ಬಿಟ್ಟಿದ್ದರೆ ಹೀಗೆ ಹೇಳಬಹುದು:

"ಬಿಕಾಂ ಆಗಿ ಎರಡು ವರ್ಷ ಅಕೌಂಟ್ಸ್‌ನಲ್ಲಿದ್ದೆ ಸರ್. ಆಮೇಲೆ ಕೆಎಎಸ್‌ಗೆ ಓದಲು ಕೆಲಸ ಬಿಟ್ಟೆ. ಪ್ರಿಲಿಮ್ಸ್ ಬರೆದೆ, ಆಗಲಿಲ್ಲ. ಇನ್ನು ಮುಂದುವರಿಸಬಾರದು ಅಂತ ಈ ವರ್ಷದ ಶುರುವಿನಲ್ಲೇ ನಿರ್ಧಾರ ಮಾಡಿದ್ದೀನಿ. ಕಳೆದ ಮೂರು ತಿಂಗಳಿಂದ ನಮ್ಮೂರಿನ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ರಿಟರ್ನ್ಸ್ ಕೆಲಸ ನೋಡ್ತಿದ್ದೀನಿ. ಈ ಹುದ್ದೆಯಲ್ಲಿ ಅದೇ ಕೆಲಸ ಇರೋದರಿಂದ ಅರ್ಜಿ ಹಾಕಿದೆ."

ಗಮನಿಸಿ, "ಆಗಲಿಲ್ಲ" ಎಂಬುದನ್ನು ಇಲ್ಲಿ ನೇರವಾಗಿ ಹೇಳಿದ್ದಾರೆ. ಲಕ್ಷಗಟ್ಟಲೆ ಜನ ಬರೆಯುವ, ಕೆಲವು ನೂರು ಹುದ್ದೆಗಳಿರುವ ಪರೀಕ್ಷೆಯಲ್ಲಿ ಆಗದಿರುವುದು ಅವಮಾನವೇನಲ್ಲ. ನಿರ್ಧಾರ ಯಾವಾಗ ಮಾಡಿದ್ದು ಎಂದು ಹೇಳಿದ್ದು ಎರಡನೇ ಅನುಮಾನವನ್ನು ಕಳೆಯುತ್ತದೆ. ರಿಟರ್ನ್ಸ್ ಕೆಲಸದ ಮಾತು ಮೊದಲನೆಯದನ್ನು ಕಳೆಯುತ್ತದೆ.

ಇನ್ನೂ ಪರೀಕ್ಷೆ ಬರೆಯುವ ಆಸೆ ಇದ್ದರೆ? ಸುಳ್ಳು ಹೇಳಬೇಡಿ. ಕೆಲಸ ಮಾಡಿಕೊಂಡೇ ಒಂದೆರಡು ಪರೀಕ್ಷೆ ಬರೆಯುತ್ತೇನೆ ಎಂದರೆ ಕೆಲವು ಕಂಪನಿಗಳು ಬೇಡ ಎನ್ನುತ್ತವೆ, ಕೆಲವು ಒಪ್ಪುತ್ತವೆ. ಬೇಡ ಎನ್ನುವ ಕಡೆ ನೀವು ನೆಮ್ಮದಿಯಿಂದ ಇರಲೂ ಆಗುತ್ತಿರಲಿಲ್ಲ.

ಓದಿನಿಂದ ಬಂದದ್ದನ್ನೂ ಹೇಳಿಕೊಳ್ಳಿ, ಆದರೆ ಹುದ್ದೆಗೆ ಹೊಂದುವಷ್ಟು ಮಾತ್ರ. ಬ್ಯಾಂಕ್ ಅಥವಾ ಎನ್‌ಜಿಒ ಕೆಲಸಕ್ಕೆ ಪಂಚಾಯತ್ ವ್ಯವಸ್ಥೆ, ಸರ್ಕಾರಿ ಯೋಜನೆಗಳ ಜ್ಞಾನ ನಿಜಕ್ಕೂ ಉಪಯೋಗ. ಕಂಟೆಂಟ್ ಬರೆಯುವ ಕೆಲಸಕ್ಕೆ ಪ್ರಬಂಧ ಬರೆದ ಅಭ್ಯಾಸ ಉಪಯೋಗ. ಕೋಡಿಂಗ್ ಕೆಲಸಕ್ಕೆ ಇತಿಹಾಸ ಓದಿದ್ದನ್ನು ಎಳೆದು ತಂದರೆ ಯಾರೂ ನಂಬುವುದಿಲ್ಲ.

ಮಗು, ಮನೆ, ಹಿರಿಯರ ಆರೈಕೆ

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಬಂತು. ಆದರೆ ಆರು ತಿಂಗಳ ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು ಎಂಬ ಪ್ರಶ್ನೆಗೆ ಕಾನೂನು ಪೂರ್ತಿ ಉತ್ತರ ಕೊಡಲಾರದು. ಹಾಗಾಗಿ ರಜೆ ಮುಗಿದ ಮೇಲೆ ರಾಜೀನಾಮೆ ಕೊಟ್ಟವರು ಎಷ್ಟೋ ಮಂದಿ. ಇದನ್ನು ಹೇಳಲು ನಾಚಿಕೆ ಬೇಡ: "ಮಗಳು ಚಿಕ್ಕವಳಿದ್ದಳು, ಮೂರು ವರ್ಷ ನಾನೇ ನೋಡಿಕೊಂಡೆ. ಈಗ ಶಾಲೆಗೆ ಹೋಗ್ತಾಳೆ."

ಹೆಂಗಸರಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. "ಈಗ ಮಗುವನ್ನ ಯಾರು ನೋಡ್ಕೊಳ್ತಾರೆ?" ಗಂಡಸರಿಗೆ ಇದನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಬಾರದ ಪ್ರಶ್ನೆ ಇದು, ಆದರೂ ಕೇಳುತ್ತಾರೆ. ಸಿಟ್ಟು ಬಂದರೆ ತಪ್ಪಲ್ಲ, ಆದರೆ ಉತ್ತರವನ್ನು ಕೆಲಸದ ವೇಳೆಯ ಕಡೆಗೆ ತಿರುಗಿಸುವುದು ಹೆಚ್ಚು ಫಲ ಕೊಡುತ್ತದೆ: "ಮನೆಯಲ್ಲಿ ವ್ಯವಸ್ಥೆ ಆಗಿದೆ ಮೇಡಂ. ಒಂಬತ್ತೂವರೆಯಿಂದ ಆರೂವರೆ ಅಂದ್ರಿ, ಅದು ನನಗೆ ಹೊಂದುತ್ತೆ. ವಾರದಲ್ಲಿ ಎಷ್ಟು ದಿನ ಆಫೀಸಿಗೆ ಬರಬೇಕಾಗುತ್ತೆ?" ಅಜ್ಜಿ ನೋಡಿಕೊಳ್ಳುತ್ತಾರೋ ಡೇಕೇರ್ ಇದೆಯೋ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು ಎಂಬ ನಿಯಮವಿದೆ. ಅದನ್ನು ಆಫರ್ ಬಂದ ಮೇಲೆ ವಿಚಾರಿಸಿ.

ಗ್ಯಾಪ್ ಇರುವವರಿಗೆಂದೇ ಇರುವ ದಾರಿಗಳೂ ಇವೆ. ಟಾಟಾ ಸಮೂಹ 2008ರಲ್ಲೇ ಮಹಿಳೆಯರಿಗಾಗಿ ಎರಡನೇ ವೃತ್ತಿಯ ಇಂಟರ್ನ್‌ಶಿಪ್ ಶುರು ಮಾಡಿತು. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಜಾಬ್ಸ್‌ಫಾರ್‌ಹರ್, ಈಗಿನ ಹರ್‌ಕೀ, ಇಂಥ ಅವಕಾಶಗಳನ್ನು ಒಂದೆಡೆ ತೋರಿಸುತ್ತದೆ. ರಿಟರ್ನ್‌ಶಿಪ್ (ವಿರಾಮದ ನಂತರ ಕೆಲಸಕ್ಕೆ ಮರಳುವವರ ಇಂಟರ್ನ್‌ಶಿಪ್) ಎಂಬ ಪದ ಹಾಕಿ ಹುಡುಕಿದರೆ ಐಟಿ ಕಂಪನಿಗಳ ಇಂಥ ಕಾರ್ಯಕ್ರಮಗಳು ಸಿಗುತ್ತವೆ. ಅಲ್ಲಿ ಗ್ಯಾಪ್ ಇರುವುದೇ ಅರ್ಹತೆ.

ಲೇಆಫ್ ಆದವರು

ಲೇಆಫ್ ಆಗಿದ್ದರೆ ಲೇಆಫ್ ಎಂದೇ ಹೇಳಿ. "ನಮ್ಮ ಪ್ರಾಜೆಕ್ಟ್ ನಿಂತಿತು, ಟೀಮ್‌ನ ಅರ್ಧ ಜನರನ್ನು ಬಿಟ್ಟರು, ಅದರಲ್ಲಿ ನಾನೂ ಇದ್ದೆ." ಇದಕ್ಕಿಂತ ಉದ್ದ ಬೇಕಿಲ್ಲ. ತೊಡಕಿರುವುದು ಬೇರೆ ಕಡೆ. ಎಷ್ಟೋ ಕಂಪನಿಗಳು ಲೇಆಫ್ ಮಾಡುವಾಗ ನೌಕರರಿಂದಲೇ ರಾಜೀನಾಮೆ ಬರೆಸಿಕೊಳ್ಳುತ್ತವೆ, ದಾಖಲೆಯಲ್ಲಿ ಸ್ವಂತ ಇಚ್ಛೆಯ ರಾಜೀನಾಮೆ ಎಂದಿರುತ್ತದೆ. ಆಗ "ಟೀಮ್ ಕಡಿಮೆ ಮಾಡುವಾಗ ರಾಜೀನಾಮೆ ಕೊಡಲು ಹೇಳಿದರು, ಕೊಟ್ಟೆ" ಎಂದರೆ ಮಾತೂ ಕಾಗದವೂ ತಾಳೆಯಾಗುತ್ತವೆ. ಹಳೇ ಮ್ಯಾನೇಜರ್‌ನ ಬಗ್ಗೆ ಎಷ್ಟೇ ನೋವಿದ್ದರೂ ಆ ಕೋಣೆಯಲ್ಲಿ ಹೇಳಬೇಡಿ.

ಆರೋಗ್ಯ, ಅಂಗಡಿ, ತೋಟ, ಗಲ್ಫ್

ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ. ದೇಹದ್ದಿರಲಿ, ಮನಸ್ಸಿನದ್ದಿರಲಿ, "ಆರೋಗ್ಯದ ಕಾರಣಕ್ಕೆ ಒಂದು ವರ್ಷ ಚಿಕಿತ್ಸೆ ತೆಗೆದುಕೊಂಡೆ, ಈಗ ಕೆಲಸ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ" ಸಾಕು. ಸೇರುವಾಗ ವೈದ್ಯಕೀಯ ಫಾರ್ಮ್ ತುಂಬಿಸಿಕೊಂಡರೆ ಅದರಲ್ಲಿ ಮಾತ್ರ ಸುಳ್ಳು ಬರೆಯಬೇಡಿ.

ಅಂಗಡಿ ಇಟ್ಟು ಮುಚ್ಚಿದವರು, ಊರಲ್ಲಿ ಅಡಿಕೆ ತೋಟ ನೋಡಿಕೊಂಡವರು ಅದನ್ನು ಕೆಲಸ ಎಂದೇ ಬರೆಯಿರಿ. ಆಳುಗಳ ಲೆಕ್ಕ, ಸೊಸೈಟಿ ಸಾಲ, ಮಂಡಿಯ ವ್ಯವಹಾರ ಇವೆಲ್ಲ ನಿಜವಾದ ಜವಾಬ್ದಾರಿಗಳು. ಮತ್ತೆ ಸಂಬಳದ ಕೆಲಸಕ್ಕೆ ಯಾಕೆ ಬಂದಿರಿ ಎಂಬುದಕ್ಕೆ ಮಾತ್ರ ಉತ್ತರ ಸಿದ್ಧವಿರಲಿ. ಗಲ್ಫ್‌ನಿಂದ ಮಂಗಳೂರು, ಉಡುಪಿ ಕಡೆಗೆ ವಾಪಸಾಗುವವರು ಅಲ್ಲಿನ ಅನುಭವ ಪತ್ರವನ್ನು ಅಲ್ಲಿದ್ದಾಗಲೇ ತೆಗೆದುಕೊಳ್ಳುವುದು ಒಳ್ಳೆಯದು. ಬಂದ ಮೇಲೆ ತರಿಸುವುದು ತಾಪತ್ರಯ.

ಕೈ ಪಳಗಿದೆ ಎಂದು ತೋರಿಸಿ

ಗ್ಯಾಪ್‌ನಲ್ಲಿ ನಿಜಕ್ಕೂ ಏನೂ ಮಾಡಿಲ್ಲ ಎನ್ನುವವರಿಗೆ ಇದು ಅತಿ ಮುಖ್ಯ. ಇಲ್ಲದ್ದನ್ನು ಹುಟ್ಟಿಸಿ ಹೇಳಬೇಡಿ. ಇವತ್ತಿನಿಂದ ಶುರು ಮಾಡಿ ಒಂದು ಚಿಕ್ಕ ಕೆಲಸ ಮುಗಿಸಿ. ಐದು ಕೋರ್ಸ್‌ನ ಸರ್ಟಿಫಿಕೇಟ್‌ಗಿಂತ ಮುಗಿಸಿದ ಒಂದು ಕೆಲಸವನ್ನು ನಾನು ಹೆಚ್ಚು ನಂಬುತ್ತೇನೆ.

ಅಕೌಂಟ್ಸ್ ಉದಾಹರಣೆ ತೆಗೆದುಕೊಳ್ಳಿ. ನೀವು 2022ರಲ್ಲಿ ಕೆಲಸ ಬಿಟ್ಟಿದ್ದರೆ ಆಮೇಲೆ ಬಹಳ ಬದಲಾಗಿದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೂ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ದರಗಳು ಮುಖ್ಯವಾಗಿ 5 ಮತ್ತು 18 ಶೇಕಡಕ್ಕೆ ಇಳಿದವು. ಪರಿಚಯದ ಅಂಗಡಿಯವರೊಬ್ಬರ ಒಂದು ತಿಂಗಳ ಬಿಲ್‌ಗಳನ್ನು ಅವರ ಒಪ್ಪಿಗೆ ಪಡೆದು ಲೆಕ್ಕದ ಸಾಫ್ಟ್‌ವೇರ್ ಆದ ಟ್ಯಾಲಿಯಲ್ಲಿ ಹಾಕಿ, ಜಿಎಸ್‌ಟಿಆರ್-2ಬಿ (ಖರೀದಿಯ ಮೇಲಿನ ತೆರಿಗೆಯನ್ನು ತೋರಿಸುವ ಜಿಎಸ್‌ಟಿ ಪಟ್ಟಿ) ಜೊತೆ ಹೋಲಿಸಿ ನೋಡಿ. ಎಲ್ಲಿ ತಾಳೆಯಾಗಲಿಲ್ಲ, ಯಾಕೆ ಎಂದು ಇಂಟರ್‌ವ್ಯೂನಲ್ಲಿ ಹೇಳಿದರೆ ನಿಮ್ಮ ಗ್ಯಾಪ್ ಎಷ್ಟು ವರ್ಷದ್ದು ಎಂಬುದು ಹಿಂದಕ್ಕೆ ಸರಿಯುತ್ತದೆ. ಎಚ್‌ಆರ್ ಅಥವಾ ಪೇರೋಲ್‌ನವರು 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು, ಅದರಲ್ಲೂ ವೇತನದ ವ್ಯಾಖ್ಯೆಯನ್ನು ಓದಿಕೊಂಡು ಹೋಗಿ.

ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ

ಮನಸ್ಸಿನಲ್ಲಿ ಹೇಳಿಕೊಂಡ ಉತ್ತರ ಬಾಯಿಗೆ ಬರುವಾಗ ಬೇರೆಯೇ ಆಗಿರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. "ಸಾರಿ", "ಆಕ್ಚುಲಿ", "ಬರೀ ಮನೆಯಲ್ಲೇ ಇದ್ದೆ" ಎಂಬ ಮಾತುಗಳು ಎಲ್ಲೆಲ್ಲಿ ನುಸುಳಿವೆ ನೋಡಿ ತೆಗೆಯಿರಿ. ಇಂಟರ್‌ವ್ಯೂ ಇಂಗ್ಲಿಷಿನಲ್ಲಿ ನಡೆಯುವುದಾದರೆ ಮೊದಲು ಕನ್ನಡದಲ್ಲಿ ಉತ್ತರ ಗಟ್ಟಿ ಮಾಡಿಕೊಂಡು, ಆಮೇಲೆ ನಿಮಗೆ ಸರಾಗವಾಗಿ ಬರುವ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಯಾರೋ ಬರೆದುಕೊಟ್ಟ ದೊಡ್ಡ ಪದಗಳು ಒತ್ತಡದಲ್ಲಿ ಕೈಕೊಡುತ್ತವೆ. ಮನೆಯವರಿಗಿಂತ, ನಿಮ್ಮ ಕಥೆ ಗೊತ್ತಿಲ್ಲದ ಗೆಳೆಯರ ಮುಂದೆ ಹೇಳಿ ನೋಡುವುದು ಮೇಲು. ಎಲ್ಲಿ ಅವರಿಗೆ ಇನ್ನೊಂದು ಪ್ರಶ್ನೆ ಹುಟ್ಟಿತೋ ಅಲ್ಲೇ ಪ್ಯಾನೆಲ್‌ಗೂ ಹುಟ್ಟುತ್ತದೆ.

ಸಂಬಳ, ಆಫರ್, ಅಫಿಡವಿಟ್

ಗ್ಯಾಪ್ ತೋರಿಸಿ ಸಂಬಳ ಇಳಿಸುವುದು ಮಾಮೂಲು. ಆ ಹುದ್ದೆಗೆ ಮಾರುಕಟ್ಟೆಯಲ್ಲಿ ಎಷ್ಟು ಕೊಡುತ್ತಾರೆ ಎಂದು ಅದೇ ಕೆಲಸದಲ್ಲಿರುವ ಇಬ್ಬರು ಮೂವರನ್ನು ಕೇಳಿಕೊಂಡು ಹೋಗಿ, ಆ ಲೆಕ್ಕದಲ್ಲಿ ಮಾತಾಡಿ. ಹಳೇ ಸಂಬಳದ ಲೆಕ್ಕ ಹಿಡಿದರೆ ನಿಮಗೇ ನಷ್ಟ. ಸ್ವಲ್ಪ ಕಡಿಮೆಗೆ ಒಪ್ಪಿಕೊಳ್ಳಲೇಬೇಕಾದ ಸ್ಥಿತಿ ಇದ್ದರೆ, ಆರು ತಿಂಗಳಿಗೆ ಮರುಪರಿಶೀಲನೆ ಮಾಡುತ್ತೇವೆ ಎಂಬ ಸಾಲನ್ನು ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಲು ಕೇಳಿ. ಬಾಯಿಮಾತಿನ ಭರವಸೆ ಕೊಟ್ಟ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿರಬಹುದು.

ಆಫರ್ ಬಂದ ಮೇಲೆ ಕೆಲವು ಕಂಪನಿಗಳು ಗ್ಯಾಪ್ ಅಫಿಡವಿಟ್ ಕೇಳುತ್ತವೆ. ಹೆದರುವಂಥದ್ದೇನಲ್ಲ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಾನು ಎಲ್ಲಿಯೂ ಕೆಲಸದಲ್ಲಿರಲಿಲ್ಲ, ಕಾರಣ ಇದು ಎಂದು ಇ-ಸ್ಟಾಂಪ್ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿಕೊಡುವ ಹೇಳಿಕೆ ಅದು. ಕೋರ್ಟ್ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರದ ಟೈಪಿಂಗ್ ಅಂಗಡಿಗಳಲ್ಲಿ ಮಾಡಿಸಬಹುದು. ಅಲ್ಲಿಯವರ ಕಂಪ್ಯೂಟರಿನಲ್ಲಿ ಸಿದ್ಧ ನಮೂನೆ ಇರುತ್ತದೆ, ಅದರಲ್ಲಿ ಯಾರದೋ ಕಾರಣ, ಯಾರದೋ ದಿನಾಂಕ ಹಾಗೇ ಉಳಿದಿರುವುದುಂಟು. ಆದ್ದರಿಂದ ರಿಲೀವಿಂಗ್ ಲೆಟರ್, ಪಿಎಫ್ ಸರ್ವಿಸ್ ಹಿಸ್ಟರಿಯ ಪ್ರಿಂಟ್, ನೀವು ಕಳಿಸಿದ ರೆಸ್ಯೂಮೆ ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಪ್ರತಿ ದಿನಾಂಕವನ್ನೂ ತಾಳೆ ನೋಡಿ, ಇಂಟರ್‌ವ್ಯೂನಲ್ಲಿ ಹೇಳಿದ ಕಾರಣವನ್ನೇ ಬರೆಸಿ, ಆಮೇಲೆ ಸಹಿ ಹಾಕಿ.